ಕೇಳಿ, ಹೇಳುತ್ತೇವೆ: ಈ ಸಲ ಪೆನ್ ಡ್ರೈವ್ ಪತ್ರಗಳು

ತುಳುನಾಡಿನಲ್ಲಿ ಆಟಗಳ ಋತು ಮುಗಿಯುವ ದಿನವಾದ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ. ಆರು ತಿಂಗಳು ಮೊಬೈಲು, ಕ್ಯಾಮೆರಾಗಳಲ್ಲಿ ತುಂಬಿಕೊಂಡ ಆಟ (ಯಕ್ಷಗಾನ), ದೈವಗಳ ನೇಮ, ಮದುವೆಗಳ ವಿಡಿಯೋಗಳನ್ನು ಪೆನ್ ಡ್ರೈವಿಗೆ ಇಳಿಸುವ ಹೊತ್ತು ಇದು. ಇಳಿಸುವಾಗ ಎದುರಾದ ತೊಂದರೆಗಳ ಬಗ್ಗೆ ಬಂದ ಪತ್ರಗಳನ್ನೇ ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ (ಬ್ರಹ್ಮಾವರದಿಂದ): ಇಡೀ ರಾತ್ರಿಯ ಆಟವನ್ನು ರೆಕಾರ್ಡ್ ಮಾಡಿ ಪೆನ್ ಡ್ರೈವಿಗೆ ಹಾಕಿ ಕಲಾವಿದರಿಗೂ ಸ್ನೇಹಿತರಿಗೂ ಕೊಡುತ್ತೇನೆ. 32, 64, 128 ಜಿಬಿಗಳಲ್ಲಿ ಯಾವುದನ್ನು ಕೊಳ್ಳಲಿ? ಈಗ ಇರುವ ಡ್ರೈವಿನಲ್ಲಿ ಕಾಪಿ ಶುರುವಿಗೆ ಜೋರಾಗಿ ಓಡುತ್ತದೆ, ಐದು ನಿಮಿಷ ಕಳೆದರೆ ತೆವಳುತ್ತದೆ. ಹಾಳಾಗಿದೆಯೇ?

ಉತ್ತರ: ಮೊದಲು ಲೆಕ್ಕ. ವಿಡಿಯೋದ ಬಿಟ್‌ರೇಟನ್ನು (ಸೆಕೆಂಡಿಗೆ ಎಷ್ಟು ಮೆಗಾಬಿಟ್, ಅಂದರೆ ಎಂಬಿಪಿಎಸ್) 0.45ರಿಂದ ಗುಣಿಸಿದರೆ ಒಂದು ಗಂಟೆಗೆ ಎಷ್ಟು ಜಿಬಿ ಎಂದು ಸಿಗುತ್ತದೆ. 8 ಎಂಬಿಪಿಎಸ್‌ನ ಫುಲ್ ಎಚ್‌ಡಿ ವಿಡಿಯೋ ಗಂಟೆಗೆ 3.6 ಜಿಬಿ, ಎಂಟು ಗಂಟೆಯ ಆಟಕ್ಕೆ ಸುಮಾರು 29 ಜಿಬಿ. ಮೊಬೈಲಿನಲ್ಲಿ ತೆಗೆದದ್ದು ಇದರ ಎರಡು ಪಟ್ಟು ತೂಗುವುದೂ ಉಂಟು. ಹಾಗಾಗಿ 32 ಜಿಬಿಯಲ್ಲಿ ಒಂದು ಆಟ ಉಸಿರುಕಟ್ಟಿ ಹಿಡಿಸಿದರೆ ಹಿಡಿಸೀತು, 64 ಜಿಬಿಯಲ್ಲಿ ಆರಾಮವಾಗಿ ಕೂರುತ್ತದೆ. ಕೊಟ್ಟು ಬರುವುದಕ್ಕೆ 64 ಜಿಬಿಯವೇ ಸಾಕು. ನೀವು ಓಡಾಡಿಸುವುದಕ್ಕೆ ಒಂದು 128 ಜಿಬಿಯದ್ದು ಇರಲಿ. ಬರೀ ಭಾಗವತಿಕೆ ಕೇಳುವವರಿಗೆ ವಿಡಿಯೋ ಯಾಕೆ? 128 ಕೆಬಿಪಿಎಸ್ ಎಂಪಿ3 ಮಾಡಿದರೆ ಗಂಟೆಗೆ 58 ಎಂಬಿಯೂ ಆಗದು, ಇಡೀ ರಾತ್ರಿ ಅರ್ಧ ಜಿಬಿಯೊಳಗೆ ಮುಗಿಯುತ್ತದೆ. ಚೆಂಡೆಯ ನಾದ ಚೆನ್ನಾಗಿ ಉಳಿಯಬೇಕೆಂದರೆ 320 ಕೆಬಿಪಿಎಸ್ ಇಡಿ. ಆಗಲೂ ಗಂಟೆಗೆ 144 ಎಂಬಿ ಅಷ್ಟೇ.

ಇನ್ನು ತೆವಳುವ ವಿಷಯ. ಡ್ರೈವ್ ಹಾಳಾಗಿಲ್ಲ, ಅದರ ಹುಟ್ಟುಗುಣವೇ ಅದು. ಈಗಿನ ಅಗ್ಗದ ಡ್ರೈವುಗಳ ಚಿಪ್‌ನಲ್ಲಿ ಒಂದೊಂದು ಕೋಶದೊಳಗೆ ಮೂರು ಅಥವಾ ನಾಲ್ಕು ಬಿಟ್ ತುರುಕುತ್ತಾರೆ. ಮೂರು ಬಿಟ್ ಎಂದರೆ ವಿದ್ಯುದಂಶದ ಎಂಟು ಮಟ್ಟ, ನಾಲ್ಕು ಎಂದರೆ ಹದಿನಾರು ಮಟ್ಟ. ಇಷ್ಟು ಸೂಕ್ಷ್ಮವಾಗಿ ಅಳೆದು ತುಂಬಲು ಸಮಯ ಹಿಡಿಯುತ್ತದೆ. ಅದಕ್ಕೇ ಹಲವು ಡ್ರೈವುಗಳು ಸ್ವಲ್ಪ ಜಾಗವನ್ನು ಕೋಶಕ್ಕೆ ಒಂದೇ ಬಿಟ್ ಲೆಕ್ಕದಲ್ಲಿ ಬಳಸಿ, ಬಂದದ್ದನ್ನೆಲ್ಲ ಮೊದಲು ಅಲ್ಲಿ ಬೇಗ ಇಳಿಸಿಕೊಳ್ಳುತ್ತವೆ. ಆ ಪಡಸಾಲೆ ತುಂಬಿದ ಮೇಲೆ ನಿಜವಾದ ವೇಗ ಗೊತ್ತಾಗುತ್ತದೆ.

ಪ್ಯಾಕೆಟ್ಟಿನ ಮೇಲೆ ದಪ್ಪಕ್ಷರದಲ್ಲಿ ಇರುವ 100 ಅಥವಾ 150 ಎಂಬಿ ಸಾಮಾನ್ಯವಾಗಿ ಓದುವ ವೇಗ, ಅದೂ 'ಗರಿಷ್ಠ'. ನಿಮಗೆ ಬೇಕಾದದ್ದು ಬರೆಯುವ ವೇಗ. ಅದನ್ನು ಮುದ್ರಿಸದ ಡ್ರೈವ್ ಆ ವಿಷಯದಲ್ಲಿ ಬಡವ ಎಂದೇ ತಿಳಿಯಿರಿ. ಸೆಕೆಂಡಿಗೆ 8 ಎಂಬಿ ಬರೆಯುವ ಡ್ರೈವಿಗೆ 29 ಜಿಬಿ ಇಳಿಸಲು ಒಂದು ಗಂಟೆ ಬೇಕು. 80 ಎಂಬಿ ಬರೆಯುವುದಕ್ಕೆ ಆರು ನಿಮಿಷ. ಹತ್ತು ಜನರಿಗೆ ಕೊಡುವ ನಿಮಗೆ ಈ ವ್ಯತ್ಯಾಸ ದೊಡ್ಡದು.

ಯುಎಸ್‌ಬಿ 2.0ರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಕೈಗೆ ಸಿಗುವುದು 30–35 ಎಂಬಿ. 2008ರಲ್ಲಿ ಬಂದ 3.0ರ ಮಿತಿ 5 ಗಿಗಾಬಿಟ್. ಅದನ್ನೇ ಮುಂದೆ 3.1 ಜೆನ್ 1, 3.2 ಜೆನ್ 1 ಎಂದು ಹೆಸರು ಬದಲಿಸಿದರು. ಆದ್ದರಿಂದ ಪ್ಯಾಕೆಟ್ ಮೇಲೆ 3.2 ಕಂಡರೆ ಹೊಸದೇನೋ ಎಂದು ಹೆಚ್ಚು ದುಡ್ಡು ಕೊಡಬೇಡಿ. ಗುರುತಿಸಲು ಬಾಯೊಳಗೆ ನೋಡಿ: 2.0ಕ್ಕೆ ನಾಲ್ಕು ಲೋಹದ ಪಟ್ಟಿ, 3.0ಕ್ಕೆ ಅದರ ಜೊತೆ ಹಿಂದೆ ಐದು ಸಣ್ಣವು, ಒಟ್ಟು ಒಂಬತ್ತು. ನಾಲಿಗೆ ಹೆಚ್ಚಾಗಿ ನೀಲಿ, ಆದರೆ ಬಣ್ಣವನ್ನು ಪೂರ್ತಿ ನಂಬುವಂತಿಲ್ಲ. ಇನ್ನೊಂದು ಸಂಗತಿ: 3.0 ಡ್ರೈವನ್ನು ನಿಧಾನಕ್ಕೆ ತಳ್ಳಿದರೆ ಮುಂದಿನ ನಾಲ್ಕು ಪಟ್ಟಿ ಮೊದಲು ತಾಗಿ, ಕಂಪ್ಯೂಟರ್ ಅದನ್ನು 2.0 ಎಂದೇ ಗುರುತಿಸಿ ಬಿಡುವುದುಂಟು. ವೇಗ ಕಡಿಮೆ ಕಂಡರೆ ತೆಗೆದು ಒಂದೇ ಬಾರಿಗೆ ಒಳಗೆ ನೂಕಿ.

ಪ್ರಶ್ನೆ (ಮಣಿಪಾಲದಿಂದ): 64 ಜಿಬಿ ಡ್ರೈವಿನಲ್ಲಿ 50 ಜಿಬಿ ಖಾಲಿ ಇದೆ. ಆದರೂ 6 ಜಿಬಿಯ ಒಂದು ಫೈಲ್ ಹಾಕಲು ಹೋದರೆ 'ಫೈಲ್ ತುಂಬಾ ದೊಡ್ಡದು' ಎನ್ನುತ್ತದೆ. ಅದೂ ಅಲ್ಲದೆ 64 ಎಂದು ಕೊಂಡದ್ದು ಕಂಪ್ಯೂಟರಿನಲ್ಲಿ 59 ಎಂದೇ ತೋರಿಸುತ್ತದೆ.

ಉತ್ತರ: ಡ್ರೈವ್ ಫ್ಯಾಟ್32 ಎಂಬ ಹಳೆಯ ಫೈಲ್ ಸಿಸ್ಟಮ್‌ನಲ್ಲಿ (ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಫೈಲಿನ ಗಾತ್ರ ಬರೆದುಕೊಳ್ಳಲು ಇರುವ ಜಾಗವೇ 32 ಬಿಟ್. ಒಂದು ಫೈಲ್ 4 ಜಿಬಿಗಿಂತ ಒಂದು ಬೈಟ್ ಕಡಿಮೆ ಇರುವ ತನಕ ಮಾತ್ರ. ಒಳಗಿರುವುದನ್ನು ಬೇರೆ ಕಡೆ ಕಾಪಿ ಮಾಡಿಟ್ಟು, ಡ್ರೈವಿನ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್, ಫೈಲ್ ಸಿಸ್ಟಮ್ ಎಂಬಲ್ಲಿ ಎಕ್ಸ್‌ಫ್ಯಾಟ್, ಅಲೊಕೇಶನ್ ಯೂನಿಟ್ ಡಿಫಾಲ್ಟ್ ಇರಲಿ, ಸ್ಟಾರ್ಟ್. ಎನ್‌ಟಿಎಫ್‌ಎಸ್ ಆರಿಸಬೇಡಿ: ನಿಮ್ಮ ಕ್ಯಾಂಪಸ್ಸಿನಲ್ಲಿ ಮ್ಯಾಕ್ ಇಟ್ಟುಕೊಂಡವರು ಬೇಕಾದಷ್ಟು ಜನ, ಮ್ಯಾಕ್ ಎನ್‌ಟಿಎಫ್‌ಎಸ್ ಓದುತ್ತದೆ, ಬರೆಯುವುದಿಲ್ಲ. ಎಕ್ಸ್‌ಫ್ಯಾಟ್ ವಿಂಡೋಸ್, ಮ್ಯಾಕ್, ಈಚಿನ ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ.

59ರ ವಿಷಯದಲ್ಲಿ ಮೋಸ ಇಲ್ಲ. ತಯಾರಕರು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1024ರ ಘನದ ಲೆಕ್ಕದಲ್ಲಿ. 64 ಇಲ್ಲಿ 59.6 ಆಗುತ್ತದೆ, 128 ಜಿಬಿಯದ್ದು 119.2.

ಪ್ರಶ್ನೆ (ಮೂಲ್ಕಿಯಿಂದ): ಆನ್‌ಲೈನಿನಲ್ಲಿ ಬಹಳ ಅಗ್ಗಕ್ಕೆ 2 ಟಿಬಿ ಪೆನ್ ಡ್ರೈವ್ ಸಿಕ್ಕಿತು. ಹಾಕಿದ ಫೈಲುಗಳ ಹೆಸರೆಲ್ಲ ಕಾಣುತ್ತವೆ. ಮೊದಲಿನ ಕೆಲವು ತೆರೆಯುತ್ತವೆ, ಉಳಿದವು ತೆರೆಯುವುದಿಲ್ಲ. ವೈರಸ್ಸೇ?

ಉತ್ತರ: ವೈರಸ್ ಅಲ್ಲ, ಡ್ರೈವೇ ನಕಲಿ. ಒಳಗೆ 16 ಅಥವಾ 32 ಜಿಬಿಯ ಚಿಪ್ ಇಟ್ಟು, ಅದನ್ನು ನಡೆಸುವ ಕಂಟ್ರೋಲರಿಗೆ '2 ಟಿಬಿ ಎಂದು ಹೇಳು' ಎಂದು ಕಲಿಸಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಬಂದದ್ದು ಒಂದೋ ಎಲ್ಲಿಯೂ ಬರೆಯದೆ ಹೋಗುತ್ತದೆ, ಇಲ್ಲವೇ ಮೊದಲು ಬರೆದದ್ದರ ಮೇಲೆಯೇ ಕೂರುತ್ತದೆ. ಫೈಲುಗಳ ಹೆಸರಿನ ಪಟ್ಟಿ ಡ್ರೈವಿನ ಆರಂಭದಲ್ಲಿ, ನಿಜವಾದ ಜಾಗದಲ್ಲಿ ಇರುವುದರಿಂದ ಹೆಸರು, ಗಾತ್ರ ಎಲ್ಲ ಸರಿಯಾಗಿ ಕಾಣುತ್ತವೆ. ಒಳಗೆ ಹೂರಣವೇ ಇಲ್ಲ. ಕಾಪಿ ಮಾಡುವಾಗ ಒಂದೇ ಒಂದು ದೂರು ಬಾರದೇ ಇರುವುದೇ ಇದರ ಕೆಟ್ಟ ಗುಣ. ಮೊಬೈಲಿನಿಂದ ಅಳಿಸಿದ ಮೇಲೆ ಗೊತ್ತಾಗುತ್ತದೆ.

ಇಂದೇ ಮಾಡಬೇಕಾದದ್ದು: ತೆರೆಯುವ ಫೈಲುಗಳನ್ನು ಹೊರಗೆ ತೆಗೆದಿಡಿ. ಮತ್ತೆ ಏನನ್ನೂ ಅದಕ್ಕೆ ಬರೆಯಬೇಡಿ, ಬರೆದರೆ ಉಳಿದದ್ದೂ ಹೋದೀತು. ಆಮೇಲೆ ಪರೀಕ್ಷೆ. ವಿಂಡೋಸ್‌ನಲ್ಲಿ ವ್ಯಾಲಿಡ್ರೈವ್ ಎಂಬ ಉಚಿತ ತಂತ್ರಾಂಶ ಡ್ರೈವಿನ ಉದ್ದಕ್ಕೂ ಅಲ್ಲಲ್ಲಿ ಬರೆದು ಓದಿ, ಎಲ್ಲಿಯ ತನಕ ನಿಜ ಎಂದು ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ. ಎಚ್2ಟೆಸ್ಟ್‌ಡಬ್ಲ್ಯೂ ಇನ್ನೂ ಖಚಿತ. ಅದು ಪೂರ್ತಿ ತುಂಬಿಸಿ, ಪೂರ್ತಿ ಓದಿ ನೋಡುತ್ತದೆ. ಆದರೆ ಸೆಕೆಂಡಿಗೆ 10 ಎಂಬಿ ಬರೆಯುವ ಡ್ರೈವಿನಲ್ಲಿ 2 ಟಿಬಿ ತುಂಬಲು 55 ಗಂಟೆ ಬೇಕು. ಅದನ್ನು 64, 128 ಜಿಬಿಯ ಡ್ರೈವುಗಳಿಗೆ ಇಟ್ಟುಕೊಳ್ಳಿ. ಲಿನಕ್ಸ್, ಮ್ಯಾಕ್‌ಗಳಿಗೆ ಎಫ್3 ಇದೆ. ಫಲಿತಾಂಶದ ಸ್ಕ್ರೀನ್‌ಶಾಟ್ ಹಾಕಿ ಮಾರಿದವರಲ್ಲಿ ಹಣ ವಾಪಸ್ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ನಿಜವಾಗಿ ಇರುವಷ್ಟು ಜಾಗವನ್ನೇ ಬಳಸಿಕೊಳ್ಳಬಹುದಲ್ಲ ಎಂದು ಯಾರಾದರೂ ಹೇಳಿಯಾರು, ಬೇಡ. ಅಂಥ ಡ್ರೈವುಗಳಿಗೆ ಹಾಕುವುದು ತಿರಸ್ಕೃತ ಚಿಪ್‌ಗಳನ್ನು.

ಹಂಪನಕಟ್ಟೆಯ ಅಂಗಡಿಯಲ್ಲಿ ಬಿಲ್ ಸಮೇತ ಕೊಂಡರೂ ಮೊದಲ ದಿನವೇ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಖಾಲಿ ಡ್ರೈವಿನ ಮೇಲೆ ಮಾಡಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಪ್ರಶ್ನೆ (ಕದ್ರಿಯಿಂದ): ಭಜನೆ, ಹಾಡುಗಳನ್ನು ತುಂಬಿಸಿದ ಡ್ರೈವನ್ನು ಕಾರಿನ ಸ್ಟಿರಿಯೋ ಗುರುತಿಸುವುದಿಲ್ಲ. ಹಳೆಯ ಡ್ರೈವ್ ಗುರುತಿಸುತ್ತದೆ, ಆದರೆ ಹಾಡುಗಳು ಅಡ್ಡಾದಿಡ್ಡಿ ಬರುತ್ತವೆ.

ಉತ್ತರ: ಹೊಸದು ಎಕ್ಸ್‌ಫ್ಯಾಟ್ ಇರಬೇಕು. ಬಹಳಷ್ಟು ಕಾರ್ ಸ್ಟಿರಿಯೋಗಳಿಗೆ ಗೊತ್ತಿರುವುದು ಫ್ಯಾಟ್32 ಒಂದೇ. 32 ಜಿಬಿ ತನಕ ವಿಂಡೋಸ್ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲೇ ಅದನ್ನು ಮಾಡಿಕೊಡುತ್ತದೆ. ಅದಕ್ಕಿಂತ ದೊಡ್ಡ ಡ್ರೈವಿಗೆ ರೂಫಸ್ ಎಂಬ ಉಚಿತ ತಂತ್ರಾಂಶ ಬಳಸಿ: 'ನಾನ್ ಬೂಟೆಬಲ್', ಪಾರ್ಟಿಶನ್ ಎಂಬಿಆರ್, ಫೈಲ್ ಸಿಸ್ಟಮ್ ಫ್ಯಾಟ್32. ಕಾರಿಗೆಂದೇ ಆದರೆ 16 ಅಥವಾ 32 ಜಿಬಿಯ ಸಣ್ಣ 2.0 ಡ್ರೈವ್ ಸಾಕು. ವೇಗ ಅಲ್ಲಿ ಯಾವ ಲೆಕ್ಕಕ್ಕೂ ಇಲ್ಲ.

ಹಾಡುಗಳ ಕ್ರಮ: ಕೆಲವು ಸ್ಟಿರಿಯೋಗಳು ಹೆಸರಿನ ಅಕಾರಾದಿ ನೋಡುವುದಿಲ್ಲ, ಡ್ರೈವಿನ ಪಟ್ಟಿಯಲ್ಲಿ ಯಾವುದು ಮೊದಲು ಬರೆದಿದೆಯೋ ಅದನ್ನು ಮೊದಲು ನುಡಿಸುತ್ತವೆ. ಫೈಲ್ ಹೆಸರಿನ ಮುಂದೆ 001, 002 ಹಾಕಿ, ಫಾರ್ಮ್ಯಾಟ್ ಮಾಡಿದ ಡ್ರೈವಿಗೆ ಆ ಕ್ರಮದಲ್ಲೇ ಕಾಪಿ ಮಾಡಿ. ಮಧ್ಯೆ ಒಂದನ್ನು ಅಳಿಸಿ ಇನ್ನೊಂದು ಸೇರಿಸಿದರೆ ಕ್ರಮ ಮತ್ತೆ ಕೆಡುತ್ತದೆ. ಹೆಸರುಗಳು ಕನ್ನಡ ಲಿಪಿಯಲ್ಲಿದ್ದರೆ ಚೌಕಗಳು ಕಂಡಾವು, ಕೆಲವು ಸ್ಟಿರಿಯೋ ಅಂಥ ಫೈಲನ್ನು ಬಿಟ್ಟೇ ಮುಂದೆ ಹೋಗುತ್ತದೆ. ಬೇಸರದ ಸಂಗತಿ; ಆದರೆ ಸದ್ಯಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಡುವುದೇ ದಾರಿ. ಮ್ಯಾಕ್‌ನಿಂದ ಕಾಪಿ ಮಾಡಿದ್ದರೆ ಚುಕ್ಕಿಯಿಂದ ಶುರುವಾಗುವ ಅಡಗಿದ ಫೈಲುಗಳೂ ಬಂದಿರುತ್ತವೆ. ಕಾರು ಅವನ್ನೂ ಹಾಡೆಂದು ಎಣಿಸಿ ನಿಂತುಬಿಡುತ್ತದೆ, ಅವನ್ನು ಅಳಿಸಿ. ಏಪ್ರಿಲ್ ಬಿಸಿಲಿನಲ್ಲಿ ಪಣಂಬೂರು ಕಡಲತೀರದಲ್ಲಿ ಕಾರು ನಿಲ್ಲಿಸುವಾಗ ಡ್ರೈವ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬಿಸಿ ಹೆಚ್ಚಿದಷ್ಟೂ ಕೋಶದಲ್ಲಿನ ವಿದ್ಯುದಂಶ ಬೇಗ ಸೋರುತ್ತದೆ.

ಪ್ರಶ್ನೆ (ಮಂಗಳೂರಿನ ವಿದ್ಯಾರ್ಥಿನಿಯೊಬ್ಬರಿಂದ): ಪ್ರಾಜೆಕ್ಟ್ ವರದಿ ಪ್ರಿಂಟ್ ಮಾಡಿಸಲು ಝೆರಾಕ್ಸ್ ಅಂಗಡಿಗೆ ಹೋದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಅಲ್ಲಿ ಅರ್ಥವಾಗದ ಅಕ್ಷರಗಳಾಗಿ ಬಂತು. ಮನೆಗೆ ಬಂದು ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ!

ಉತ್ತರ: ಎರಡು ತೊಂದರೆ, ಒಂದಕ್ಕೊಂದು ಸಂಬಂಧ ಇಲ್ಲ. ನುಡಿಯ ಹಳೆಯ ಫಾಂಟುಗಳಲ್ಲಿ ಫೈಲಿನೊಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಕನ್ನಡದ ರೂಪ ಕೊಡುವುದು ಫಾಂಟು. ಆ ಫಾಂಟು ಅಂಗಡಿಯ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಒಳಗಿರುವ ಸಂಕೇತಗಳೇ ಹೊರಗೆ ಬೀಳುತ್ತವೆ. ಮನೆಯಲ್ಲೇ 'ಸೇವ್ ಆ್ಯಸ್' ಕೊಟ್ಟು ಪಿಡಿಎಫ್ ಮಾಡಿ ಒಯ್ಯಿರಿ. ಫಾಂಟು ಅದರೊಳಗೇ ಸೇರಿಕೊಳ್ಳುತ್ತದೆ, ಪುಟಗಳೂ ಅತ್ತಿತ್ತ ಆಗುವುದಿಲ್ಲ. ಯೂನಿಕೋಡಿನಲ್ಲಿ ಟೈಪ್ ಮಾಡಿದರೂ ಪಿಡಿಎಫ್‌ನಲ್ಲೇ ಒಯ್ಯುವುದು ಒಳ್ಳೆಯದು.

ಶಾರ್ಟ್‌ಕಟ್ ಮಾಡಿದ್ದು ಅಂಗಡಿಯ ಕಂಪ್ಯೂಟರಿನಿಂದ ಬಂದ ವೈರಸ್. ನಿಮ್ಮ ಫೋಲ್ಡರುಗಳು ಹೋಗಿಲ್ಲ, ಅವನ್ನು ಅಡಗಿಸಿ ಅದೇ ಹೆಸರಿನ ಬಾಣದ ಗುರುತಿನ ಶಾರ್ಟ್‌ಕಟ್ ಇಟ್ಟಿದೆ. ಅದನ್ನು ಒತ್ತಿದರೆ ವೈರಸ್ ನಿಮ್ಮ ಕಂಪ್ಯೂಟರಿಗೂ ಹತ್ತುತ್ತದೆ. ಒತ್ತಿದ್ದರೆ ಮೊದಲು ಕಂಪ್ಯೂಟರನ್ನು ವಿಂಡೋಸ್ ಸೆಕ್ಯುರಿಟಿಯ ಆಫ್‌ಲೈನ್ ಸ್ಕ್ಯಾನಿನಿಂದ ತೊಳೆಯಿರಿ, ಇಲ್ಲದಿದ್ದರೆ ಡ್ರೈವ್ ಎಷ್ಟು ಸಲ ಸರಿ ಮಾಡಿದರೂ ಮತ್ತೆ ಹಾಗೆಯೇ ಆಗುತ್ತದೆ. ಬಳಿಕ ಡ್ರೈವನ್ನು ಸ್ಕ್ಯಾನ್ ಮಾಡಿ, ಶಾರ್ಟ್‌ಕಟ್‌ಗಳನ್ನು ಅಳಿಸಿ. ಅಡಗಿದ್ದನ್ನು ಹೊರತೆಗೆಯಲು ಕಮಾಂಡ್ ಪ್ರಾಂಪ್ಟಿನಲ್ಲಿ ಈ ಸಾಲನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು: ಅಟ್ರಿಬ್, ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ, ಕೊನೆಗೆ ಡ್ರೈವಿನ ಅಕ್ಷರ, ಕೋಲನ್, ಬ್ಯಾಕ್‌ಸ್ಲ್ಯಾಶ್, ನಕ್ಷತ್ರ ಚಿಹ್ನೆ. ಅಲ್ಪವಿರಾಮ ಇದ್ದಲ್ಲೆಲ್ಲ ಒಂದು ಜಾಗ ಬಿಡಿ; ಡ್ರೈವಿನ ಅಕ್ಷರದಿಂದ ನಕ್ಷತ್ರದ ತನಕ ಮಾತ್ರ ಜಾಗ ಬಿಡದೆ ಒತ್ತಾಗಿ. ಹೆಸರೇ ಇಲ್ಲದ ಒಂದು ಫೋಲ್ಡರ್ ಕಂಡರೆ ಅದರೊಳಗೂ ನೋಡಿ, ಕೆಲವು ವೈರಸ್ ಎಲ್ಲವನ್ನೂ ಅಲ್ಲಿ ತುಂಬುತ್ತವೆ. ನಿಮ್ಮದನ್ನು ಹೊರತೆಗೆದ ಮೇಲೆ ಡ್ರೈವ್ ಫಾರ್ಮ್ಯಾಟ್ ಮಾಡಿ.

ಅಂಗಡಿಗೆ ಒಯ್ಯಲು ಹಳೆಯ 4 ಜಿಬಿ, 8 ಜಿಬಿಯ ಡ್ರೈವ್ ಬೇರೆಯೇ ಇಡಿ. ಅದರಲ್ಲಿ ಆ ಒಂದು ಪಿಡಿಎಫ್ ಬಿಟ್ಟು ಬೇರೇನೂ ಇರಬಾರದು.

ಪ್ರಶ್ನೆ (ಮಲ್ಪೆಯಿಂದ): ಮಳೆಗಾಲದಲ್ಲಿ ಡ್ರೈವ್ ಒಮ್ಮೆ ಗುರುತಿಸುತ್ತದೆ, ಒಮ್ಮೆ ಇಲ್ಲ. ಅಲ್ಲಾಡಿಸಿದರೆ ಸರಿಯಾಗುತ್ತದೆ. ಬಾಯಲ್ಲಿ ಹಸಿರು ಕಲೆ ಇದೆ.

ಉತ್ತರ: ಅಲ್ಲಾಡಿಸುವುದನ್ನು ಇಂದೇ ನಿಲ್ಲಿಸಿ. ಬರೆಯುತ್ತಿರುವಾಗ ಸಂಪರ್ಕ ತಪ್ಪಿದರೆ ಫೈಲುಗಳ ಪಟ್ಟಿಯೇ ಕೆಟ್ಟು, ಇಡೀ ಡ್ರೈವ್ ಖಾಲಿ ಎಂದು ತೋರಿಸೀತು. ಕಡಲ ಗಾಳಿಯಲ್ಲಿ ಬಂದ ಉಪ್ಪು ಲೋಹದ ಮೇಲೆ ಕೂತು ತೇವ ಹೀರುತ್ತದೆ. ಬಾಯೊಳಗಿನ ಲೋಹದ ಪಟ್ಟಿಗಳ ಚಿನ್ನದ ಲೇಪ ಬಹಳ ತೆಳು. ಅದು ಸವೆದಲ್ಲಿ ಕೆಳಗಿನ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಹಸಿರು ಅದೇ.

99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಹತ್ತಿಯ ಕಡ್ಡಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಪಟ್ಟಿಗಳ ಉದ್ದಕ್ಕೆ ಉಜ್ಜಿ, ಅಡ್ಡಕ್ಕಲ್ಲ. ಕಡ್ಡಿ ಕೊಳೆಯಾದಂತೆ ಬದಲಿಸಿ. ಹದಿನೈದು ನಿಮಿಷ ಒಣಗಲು ಬಿಡಿ. ಕಲೆ ಉಳಿದರೆ ಬಿಳಿ ರಬ್ಬರಿನಿಂದ ಹಗುರವಾಗಿ ನಾಲ್ಕು ಸಲ, ಅಷ್ಟೇ. ಹೆಚ್ಚು ತಿಕ್ಕಿದರೆ ಉಳಿದ ಚಿನ್ನವೂ ಹೋಗುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಬೇಡ. ಬೇರೆ ಡ್ರೈವುಗಳೂ ಹಾಗೆಯೇ ಮಾಡಿದರೆ ಕಿಲುಬು ಕಂಪ್ಯೂಟರಿನ ಪೋರ್ಟಿನಲ್ಲಿದೆ. ಸಿಪಿಯು ಮುಂಭಾಗದ ಪೋರ್ಟುಗಳು ಬೇಗ ಕೆಡುತ್ತವೆ, ಹಿಂದಿನದರಲ್ಲಿ ಹಾಕಿ ನೋಡಿ.

ಡ್ರೈವ್ ಕಡಲ ನೀರಿಗೇ ಬಿದ್ದರೆ ಪರೀಕ್ಷಿಸಲು ಕೂಡ ಕಂಪ್ಯೂಟರಿಗೆ ಹಾಕಬೇಡಿ. ಅದರಲ್ಲಿ ಬ್ಯಾಟರಿ ಇಲ್ಲ, ಸುಡುವುದು ವಿದ್ಯುತ್ ಹರಿದಾಗಲೇ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಉಪ್ಪು ತೆಗೆಯಿರಿ, ಆಮೇಲೆ ಆಲ್ಕೊಹಾಲಿನಲ್ಲಿ ಅದ್ದಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಎರಡು ದಿನ ಮುಚ್ಚಿಡಿ. ಅಕ್ಕಿ ಡಬ್ಬಿಯಲ್ಲಿ ಇಟ್ಟು ಪ್ರಯೋಜನ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲ ಡ್ರೈವುಗಳನ್ನೂ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು ನಮ್ಮ ಊರಿಗೆ ಬೇಕೇ ಬೇಕು. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಎಂದರ್ಥ.

ಪ್ರಶ್ನೆ (ಕಾಪುವಿನಿಂದ): ಮಗಳ ಮದುವೆಯ ವಿಡಿಯೋ ಸ್ಟುಡಿಯೋದವರು ಕೊಟ್ಟ ಪೆನ್ ಡ್ರೈವಿನಲ್ಲೇ ಏಳು ವರ್ಷದಿಂದ ಕಪಾಟಿನಲ್ಲಿತ್ತು. ಈಗ ಹಾಕಿದರೆ 'ಫಾರ್ಮ್ಯಾಟ್ ಮಾಡಬೇಕು' ಎನ್ನುತ್ತದೆ. ಬೇರೆ ಪ್ರತಿ ಇಲ್ಲ.

ಉತ್ತರ: ಕ್ಯಾನ್ಸಲ್ ಒತ್ತಿ. ಫಾರ್ಮ್ಯಾಟ್ ಬೇಡ, 'ಸ್ಕ್ಯಾನ್ ಆ್ಯಂಡ್ ಫಿಕ್ಸ್' ಕೂಡ ಬೇಡ. ಅದು ಫೈಲುಗಳ ತುಂಡಾದ ಪಟ್ಟಿಯನ್ನು ತನಗೆ ತೋಚಿದಂತೆ ತಿದ್ದಿ ಬರೆಯುತ್ತದೆ. ಆ ಡ್ರೈವಿಗೆ ಇನ್ನು ಒಂದು ಅಕ್ಷರವೂ ಬರೆಯಬಾರದು.

ಡ್ರೈವಿನ ಗಾತ್ರ ಸರಿಯಾಗಿ ಕಾಣುತ್ತಿದೆಯೇ ಎಂದು 'ಡಿಸ್ಕ್ ಮ್ಯಾನೇಜ್‌ಮೆಂಟ್'ನಲ್ಲಿ ನೋಡಿ. ಕಾಣುತ್ತಿದ್ದರೆ ಆಶೆ ಇದೆ. ಮೊದಲು ಇಡೀ ಡ್ರೈವಿನ ಇಮೇಜ್ (ಇದ್ದದ್ದು ಇದ್ದಂತೆ ಪೂರ್ತಿ ನಕಲು) ಒಂದನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬೇಕು, ಡ್ರೈವ್ ಯಾವಾಗ ಪೂರ್ತಿ ಮಲಗುತ್ತದೆ ಹೇಳಲಾಗದು. ಆ ಇಮೇಜಿನ ಮೇಲೆ ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶ ಓಡಿಸಿ ಫೈಲುಗಳ ಪಟ್ಟಿ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಅದರ ಜೊತೆಗೇ ಬರುವ ಫೋಟೊರೆಕ್. ಎರಡೂ ಉಚಿತ. ಫೋಟೊರೆಕ್ ಹೆಸರುಗಳನ್ನು ಉಳಿಸುವುದಿಲ್ಲ, ವಿಡಿಯೋ ಉಳಿಸುತ್ತದೆ. ಗಾತ್ರ ಸೊನ್ನೆ ಅಥವಾ 'ನೋ ಮೀಡಿಯಾ' ಎಂದು ಕಂಡರೆ ಕಂಟ್ರೋಲರ್ ಕೆಟ್ಟಿದೆ, ಮನೆಯ ಪ್ರಯೋಗ ಸಾಕು, ಡೇಟಾ ರಿಕವರಿ ಪ್ರಯೋಗಾಲಯಕ್ಕೇ ಕೊಡಿ. ಬಾಯಿ ಮಾತ್ರ ಮುರಿದಿದ್ದರೆ ಒಳ್ಳೆಯ ಕೈಯವರು ಬೆಸುಗೆ ಹಾಕಿ ಎಬ್ಬಿಸಬಲ್ಲರು. ಆದರೆ ಉಗುರಿನಷ್ಟೇ ಇರುವ ಡ್ರೈವುಗಳಲ್ಲಿ ಚಿಪ್, ಕಂಟ್ರೋಲರ್ ಎಲ್ಲ ಒಂದೇ ಎರಕ. ಅಲ್ಲಿ ಬೆಸುಗೆಗೆ ಜಾಗವೇ ಇಲ್ಲ. ಬೆಲೆಬಾಳುವುದನ್ನು ಅಂಥ ಪುಟಾಣಿ ಡ್ರೈವಿನಲ್ಲಿ ಇಡಬಾರದು ಎನ್ನುವುದು ಇದಕ್ಕೇ.

ಹೀಗಾಗಲು ಯಾರ ತಪ್ಪೂ ಬೇಕಿಲ್ಲ. ಕೋಶದಲ್ಲಿ ಹಿಡಿದಿಟ್ಟ ವಿದ್ಯುದಂಶ ವರ್ಷಗಳಲ್ಲಿ ಸೋರುತ್ತದೆ. ಪೆನ್ ಡ್ರೈವ್ ನೀರು ಹೊತ್ತು ತರುವ ಕೊಡಪಾನ, ಬಾವಿ ಅಲ್ಲ. ಸ್ಟುಡಿಯೋದಿಂದ ಡ್ರೈವ್ ಕೈಗೆ ಬಂದ ದಿನವೇ ಎರಡು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಒಂದನ್ನು ಮಗಳ ಮನೆಯಲ್ಲಿ ಇಡಬೇಕು. ವರ್ಷಕ್ಕೊಮ್ಮೆ, ಆಯುಧ ಪೂಜೆಗೆ ಕತ್ತಿ, ಹಾರೆ ತೊಳೆಯುವ ದಿನವೇ ಇಟ್ಟುಕೊಳ್ಳಿ, ತೆರೆದು ಕೊನೆಯ ತನಕ ಓಡುತ್ತದೆಯೇ ನೋಡಿ. ಸ್ಟುಡಿಯೋದವರನ್ನೂ ಇಂದೇ ವಿಚಾರಿಸಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ನಿಮ್ಮ ವಿಡಿಯೋ ಇನ್ನೂ ಇದ್ದೀತು.

ಪ್ರಶ್ನೆ (ಉಡುಪಿಯಿಂದ): 'ಸೇಫ್ಲಿ ರಿಮೂವ್' ಮಾಡಲೇಬೇಕೇ?

ಉತ್ತರ: 2018ರ ಕೊನೆಯ ವಿಂಡೋಸ್ 10ರಿಂದ ಈಚೆಗೆ ಡ್ರೈವುಗಳು 'ಕ್ವಿಕ್ ರಿಮೂವಲ್'ನಲ್ಲೇ ಇರುತ್ತವೆ, ಕಾಪಿ ಮುಗಿದು ದೀಪ ಮಿನುಗುವುದು ನಿಂತ ಮೇಲೆ ತೆಗೆದರೆ ಸಾಮಾನ್ಯವಾಗಿ ಏನೂ ಆಗದು. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಮಾತ್ರ ತಪ್ಪದೆ ಮಾಡಿ: ಕಾಪಿ ಮುಗಿಯಿತು ಎಂದು ಪರದೆ ಹೇಳಿದ ಮೇಲೂ ಕೊನೆಯ ಭಾಗ ಮೆಮೊರಿಯಲ್ಲೇ ಕಾಯುತ್ತಿರುತ್ತದೆ.

ಪ್ರಶ್ನೆ (ಸುರತ್ಕಲ್‌ನಿಂದ): ಆಧಾರ್, ಪಾನ್, ಜಾಗದ ಪತ್ರಗಳ ಸ್ಕ್ಯಾನ್ ಇದ್ದ ಡ್ರೈವ್ ಸಿಟಿ ಬಸ್ಸಿನಲ್ಲಿ ಕಳೆದುಹೋಯಿತು. ಮುಂದಿನದಕ್ಕೆ ಬೀಗ ಹಾಕಬಹುದೇ?

ಉತ್ತರ: ಹಾಕಬಹುದು. ವಿಂಡೋಸ್ ಪ್ರೊ ಇದ್ದರೆ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಟರ್ನ್ ಆನ್ ಬಿಟ್‌ಲಾಕರ್'. ಅದು ಕೊಡುವ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಮನೆಯಲ್ಲಿಡಿ. ಪಾಸ್‌ವರ್ಡ್ ಮರೆತರೆ ಅದಲ್ಲದೆ ಬೇರೆ ದಾರಿ ಇಲ್ಲ. ಹೋಮ್ ಆವೃತ್ತಿ ಇಂಥ ಡ್ರೈವನ್ನು ತೆರೆಯಬಲ್ಲದು, ಬೀಗ ಹಾಕಲಾರದು. ಅವರಿಗೆ ಉಚಿತ ವೆರಾಕ್ರಿಪ್ಟ್ ಇದೆ. ಝೆರಾಕ್ಸ್ ಅಂಗಡಿಗೆ ಬೀಗದ ಡ್ರೈವ್ ಒಯ್ಯಬೇಡಿ, ಅಲ್ಲಿ ಪಾಸ್‌ವರ್ಡ್ ಹಾಕಿದರೆ ಬೀಗದ ಉದ್ದೇಶವೇ ಹೋಯಿತು.

ಪ್ರಶ್ನೆ (ಕಟಪಾಡಿಯಿಂದ): ಟೈಪ್-ಸಿ ಬಾಯಿಯೂ ಇರುವ ಡ್ರೈವ್ ಕೊಂಡೆ. ಫೋನಿಗೆ ಹಾಕಿದರೆ ಏನೂ ಕಾಣುವುದಿಲ್ಲ, ಕಂಪ್ಯೂಟರಿನಲ್ಲಿ ಸರಿ ಇದೆ.

ಉತ್ತರ: ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಒಟಿಜಿ' (ಫೋನಿಗೆ ಪೆನ್ ಡ್ರೈವ್‌ನಂಥದ್ದನ್ನು ಜೋಡಿಸುವ ಸೌಲಭ್ಯ) ಎಂದು ಹುಡುಕಿ ಆನ್ ಮಾಡಿ. ಒಪ್ಪೊ, ವಿವೊ, ರಿಯಲ್‌ಮಿ, ಒನ್‌ಪ್ಲಸ್‌ಗಳ ಹಲವು ಫೋನುಗಳಲ್ಲಿ ಇದು ಬೇರೆಯೇ ಗುಂಡಿ, ಹತ್ತು ನಿಮಿಷ ಬಳಸದಿದ್ದರೆ ತಾನೇ ಆರುತ್ತದೆ. ಆಗಲೂ ಕಾಣದಿದ್ದರೆ ಡ್ರೈವ್ ಎನ್‌ಟಿಎಫ್‌ಎಸ್ ಇರಬಹುದು, ಎಕ್ಸ್‌ಫ್ಯಾಟ್ ಮಾಡಿ. ಹಳೆಯ ಫೋನು ಅದನ್ನೂ ಒಪ್ಪದಿದ್ದರೆ ಫ್ಯಾಟ್32. ದಪ್ಪ ಕವರ್ ಹಾಕಿದ ಫೋನಿನಲ್ಲಿ ಬಾಯಿ ಪೂರ್ತಿ ಒಳಗೆ ಕೂರುವುದಿಲ್ಲ, ಅದನ್ನು ತೆಗೆದು ಒಮ್ಮೆ ನೋಡಿ.